ಬಿಸಿಲು, ಧೂಳಿನ ಊರಲ್ಲಿ ಮುಂಬಾಗಿಲಿಗೆ ಫೈಬರ್ ಕದ ಕೂರಿಸೋದು ಹೇಗೆ

ಬಳ್ಳಾರಿ, ರಾಯಚೂರು, ಯಾದಗಿರಿ, ಕಲಬುರಗಿ ಕಡೆ ಮನೆ ಇರೋರಿಗೆ ಬಿಸಿಲು ಅಂದ್ರೇನು ಅಂತ ಯಾರೂ ಹೇಳಿಕೊಡೋದು ಬೇಡ. ಏಪ್ರಿಲ್ ಬಂತಂದ್ರೆ 40 ಡಿಗ್ರಿ ಮಾಮೂಲು, ಮೇ ತಿಂಗಳಲ್ಲಿ ಕೆಲವು ದಿನ 43-44 ತನಕ ಹೋಗುತ್ತೆ, ಅದರ ಜೊತೆಗೆ ಸಂಜೆ ಗಾಳಿ ಎದ್ರೆ ಟಿವಿ ಸ್ಟ್ಯಾಂಡ್ ಮೇಲೆ ಬೆರಳಲ್ಲಿ ಹೆಸರು ಬರೆಯೋಷ್ಟು ಧೂಳು. ಸಂಡೂರು, ತೋರಣಗಲ್ಲು, ಹೊಸಪೇಟೆ ಕಡೆ ಆದ್ರೆ ಅದಿರಿನ ಕೆಂಪು ಧೂಳು, ಬಿಳಿ ಬಟ್ಟೆಗೆ ಹತ್ತಿದ್ರೆ ಹೋಗೋ ಮಾತೇ ಇಲ್ಲ. ಮರದ ಬಾಗಿಲು ಈ ಹವೆಯಲ್ಲಿ ಬೇಸಿಗೆಗೆ ಒಣಗಿ ಸಂದು ಬಿಡುತ್ತೆ, ಮಳೆಗಾಲಕ್ಕೆ ಉಬ್ಬಿ ಚೌಕಟ್ಟಿಗೆ ಹಿಡ್ಕೊಳ್ಳುತ್ತೆ, ಬಡಗಿ ಬಂದು ಅಂಚು ಹೆರೆದು ಹೋಗ್ತಾನೆ, ಮುಂದಿನ ಬೇಸಿಗೆಗೆ ಸಂದು ಇನ್ನೂ ದೊಡ್ಡದಾಗಿರುತ್ತೆ. ಅದಕ್ಕೇ ಈಗ ಸುಮಾರು ಜನ ಫೈಬರ್ ಬಾಗಿಲು, ಅಂಗಡಿಯಲ್ಲಿ ಎಫ್‌ಆರ್‌ಪಿ ಅಂತಾರಲ್ಲ ಅದನ್ನ, ಬಾತ್‌ರೂಮಿಗಷ್ಟೇ ಯಾಕೆ ಮುಂಬಾಗಿಲಿಗೂ ಹಾಕ್ಸೋಣ ಅಂತಿದಾರೆ.

ಹಾಕಿಸಬಹುದು. ಉಬ್ಬಲ್ಲ, ಗೆದ್ದಲು ತಿನ್ನಲ್ಲ, ತೂಕ ಕಮ್ಮಿ. ಆದ್ರೆ ಕದ ಕೊಂಡುಕೊಳ್ಳೋದಕ್ಕೆ ಹತ್ತು ಅಂಗಡಿ ತಿರುಗೋರು ಅದನ್ನ ಕೂರಿಸೋದನ್ನ ಮಾತ್ರ ಸಿಕ್ಕ ಬಡಗಿ ಕೈಗೆ ಬಿಟ್ಟು ಹೋಗ್ತಾರೆ, ಅಲ್ಲೇ ಎಲ್ಲಾ ಕೆಡೋದು. ಧೂಳು ಕದದೊಳಗಿಂದ ತೂರಿ ಬರಲ್ಲ, ಸಂದಿನಿಂದ ಬರುತ್ತೆ. ಆ ಸಂದನ್ನ ಎಷ್ಟು ಬಿಡಬೇಕು, ಎಲ್ಲಿ ಬಿಡಬೇಕು, ಏನು ತುಂಬಬೇಕು ಅನ್ನೋದೇ ಇಲ್ಲಿ ಇರೋ ಕೆಲಸ, ನಾನು ಬರೀತಿರೋದೂ ಹೆಚ್ಚಾಗಿ ಅದರ ಬಗ್ಗೆನೇ.

ಮೊದಲು ಸಾಮಾನು ಏನು ಅಂತ ತಿಳ್ಕೊಳ್ರಿ. ಎಫ್‌ಆರ್‌ಪಿ ಕದ ಕತ್ತರಿಸಿ ನೋಡಿದ್ರೆ ಹೊರಗಡೆ ಜೆಲ್‌ಕೋಟ್ ಅನ್ನೋ ಬಣ್ಣದ ತೆಳು ಪದರ, ಅದರ ಹಿಂದೆ ಗಾಜಿನ ನಾರಿನ ಚಾಪೆಗೆ ಪಾಲಿಯೆಸ್ಟರ್ ರೆಸಿನ್ ಕುಡಿಸಿ ಗಟ್ಟಿ ಮಾಡಿದ 2-3 ಮಿಲಿಮೀಟರ್ ಹಾಳೆ, ನಡುವೆ ಪಫ್ ಫೋಮ್ (ಪಾಲಿಯುರೆಥೇನ್ ಅನ್ನೋ ಹಗುರ ನೊರೆ ಗಟ್ಟಿಯಾದದ್ದು) ಇಲ್ಲಾ ಥರ್ಮೋಕೋಲ್, ಹಿಂಜು, ಬೀಗ, ಚಿಲಕ ಬರೋ ಜಾಗದಲ್ಲಿ ಮಾತ್ರ ಮರದ ತುಂಡು. ಇಷ್ಟೇ. ಈ ಮರದ ತುಂಡು ಎಲ್ಲೆಲ್ಲಿದೆ ಅನ್ನೋದು ಆಮೇಲೆ ಬಹಳ ಮುಖ್ಯ ಆಗುತ್ತೆ, ನೆನಪಿಟ್ಕೊಳ್ರಿ.

ಇನ್ನೊಂದು ವಿಷಯ ಅಂಗಡಿಯೋರು ಹೇಳಲ್ಲ. ನಮ್ಮ ದೇಶದಲ್ಲಿ ಈ ಕದಗಳಿಗೆ ಇರೋ ಐಎಸ್ 14856 ಅನ್ನೋ ಸ್ಟ್ಯಾಂಡರ್ಡ್‌ನ ಹೆಸರಲ್ಲೇ ಅದು ಮನೆ ಒಳಗಿನ ಬಳಕೆಯ ಕದಕ್ಕೆ ಅಂತ ಇದೆ. ಅಂದ್ರೆ ಬಾತ್‌ರೂಮು, ಒಳಗಿನ ರೂಮು ಇಂಥದ್ದಕ್ಕೆ. ಅಂಗಡಿಯಲ್ಲಿ ರಾಶಿ ಹಾಕಿರೋ 30 ಮಿಲಿಮೀಟರ್ ಕದ ಬಹುತೇಕ ಇದೇ ಲೆಕ್ಕದ್ದು. ‘ಐಎಸ್‌ಐ ಐತಿ ಸಾರ್’ ಅಂದ ಕೂಡ್ಲೇ ಮುಂಬಾಗಿಲಿಗೆ ತಂದು, ಪಶ್ಚಿಮದ ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿದ್ರೆ ಜೆಲ್‌ಕೋಟ್ ಬೇಗ ಬಿಳಿಚಿಕೊಂಡು ಕೈಗೆ ಸುಣ್ಣದ ಪುಡಿ ಹತ್ತಿದಂಗೆ ಹತ್ತೋಕೆ ಶುರು ಆಗುತ್ತೆ. ಹಾಗಾಗಿ ಕೇಳಬೇಕಾದ್ದು ಏನಪ್ಪಾ ಅಂದ್ರೆ, ಹೊರಗಡೆಗೆ ಅಂತಾನೇ ಮಾಡಿದ್ದಾ, ಜೆಲ್‌ಕೋಟ್‌ಗೆ ಬಿಸಿಲಿನ ಯುವಿ ಕಿರಣ ತಡೆಯೋ ಸಾಮಾನು ಹಾಕಿದಾರಾ, ದಪ್ಪ 35ರಿಂದ 40 ಇದೆಯಾ, ಒಳಗೆ ಪಫ್ ಪೂರ್ತಿ ತುಂಬಿದೆಯಾ, ರೆಸಿನ್ ಬೆಂಕಿ ಬೇಗ ಹಿಡಿಯದ ಗ್ರೇಡ್‌ನದ್ದಾ. ಇದೆಲ್ಲಾ ಬಿಲ್ ಮೇಲೆ ಬರೆಸ್ಕೊಳ್ರಿ, ಬಾಯಿ ಮಾತು ಬೇಡ. ಕದವನ್ನ ಬೆರಳಿನ ಗೆಣ್ಣಿಂದ ಮೇಲಿಂದ ಕೆಳಗೆ ತಟ್ಟುತ್ತಾ ಬರ್ರಿ, ನಡುವೆ ಎಲ್ಲಾದ್ರೂ ಡೋಲಿನ ಥರ ಟೊಳ್ಳು ಸದ್ದು ಬಂದ್ರೆ ಅಲ್ಲಿ ಫೋಮ್ ಕೂತಿಲ್ಲ.

ಚೌಕಟ್ಟು ಬದಲಿಸಬೇಕಾ? ನನ್ನ ಪ್ರಕಾರ ಹಳೇ ತೇಗದ ಚೌಕಟ್ಟು ಗಟ್ಟಿ ಇದ್ರೆ ಮುಟ್ಟೋಕೆ ಹೋಗಬೇಡ್ರಿ. ಪೂಜೆ ಮಾಡಿ ನಿಲ್ಲಿಸಿದ ಬಾಗಿಲುವಾಡ, ದಿನಾ ಅರಿಶಿನ ಕುಂಕುಮ ಹಚ್ಚೋ ಹೊಸ್ತಿಲು, ಅದನ್ನ ಕೀಳ್ತೀವಿ ಅಂದ್ರೆ ಮನೆಯಲ್ಲಿ ಹಿರಿಯರು ಒಪ್ಪೋದೂ ಇಲ್ಲ, ಒಪ್ಪಿಸೋ ಅಗತ್ಯಾನೂ ಇಲ್ಲ. ಚೌಕಟ್ಟಿನ ಉದ್ದಕ್ಕೆ ಮರ ಅಷ್ಟಾಗಿ ಹಿಗ್ಗೋದು ಕುಗ್ಗೋದು ಇಲ್ಲ, ಅಗಲದ ಹಲಗೆ ಜೋಡಿಸಿ ಮಾಡಿದ ಕದವೇ ಆಟ ಆಡೋದು. ಸ್ಕ್ರೂಡ್ರೈವರ್ ತಗೊಂಡು ಚೌಕಟ್ಟಿನ ಬುಡ, ಹೊಸ್ತಿಲಿನ ಎರಡೂ ತುದಿ ಚುಚ್ಚಿ ನೋಡ್ರಿ, ಮೆತ್ತಗೆ ಒಳಗೆ ಹೋದ್ರೆ ಗೆದ್ದಲು ಇಲ್ಲಾ ಕೊಳೆ, ಆಗ ಮಾತ್ರ ಬೇರೆ ಯೋಚನೆ.

ಆಮೇಲೆ ಅಳತೆ. ಮರದ ಕದಕ್ಕೆ ಬಡಗಿ ಟೇಪ್ ಹಿಡಿದು ‘ಮೂರೂವರೆ ಏಳು’ ಅಂತ ಹೇಳಿ ಹೋದ್ರೂ ನಡೀತಿತ್ತು, ಹೆಚ್ಚಾದ್ರೆ ಹೆರೆದು ಕೂರಿಸ್ತಿದ್ದ. ಫೈಬರ್ ಕದ ಹೆರೆಯೋ ಹಾಗಿಲ್ಲ. ಅಂಚು ಹೆರೆದ್ರೆ ಹೊರಗಿನ ಹಾಳೆ ಕಿತ್ತು ಒಳಗಿನ ಫೋಮ್ ಬಯಲಾಗುತ್ತೆ, ಅಲ್ಲಿಂದ ನೀರು, ಧೂಳು, ಇರುವೆ ಎಲ್ಲಾ ಒಳಗೆ. ಅದಕ್ಕೆ ಅಗಲವನ್ನ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೀರಿ, ಎತ್ತರ ಎಡಕ್ಕೆ ಬಲಕ್ಕೆ ಎರಡು ಕಡೆ, ಮೂಲೆಯಿಂದ ಮೂಲೆಗೆ ಎರಡೂ ಕರ್ಣ. ಎಲ್ಲಾ ಮಿಲಿಮೀಟರಲ್ಲಿ, ಇಂಚು ಸೂತದ ಲೆಕ್ಕ ಬೇಡ. ಮೂರು ಅಗಲದಲ್ಲಿ ಯಾವುದು ಕಮ್ಮಿಯೋ ಅದರಿಂದ 6-7 ಮಿಲಿಮೀಟರ್ ಕಳೆದು ಆರ್ಡರ್ ಕೊಡ್ರಿ, ಹಿಂಜಿನ ಕಡೆ 3, ಬೀಗದ ಕಡೆ 3-4 ಸಂದು ಬರುತ್ತೆ. ಎತ್ತರದಲ್ಲಿ ಮೇಲೆ 3, ಕೆಳಗೆ 6. ಕರ್ಣ ಎರಡರ ನಡುವೆ 5 ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಚೌಕಟ್ಟು ಮೂಲೆಮಟ್ಟದಲ್ಲಿಲ್ಲ ಅಂತ ಅರ್ಥ, ಮೊದಲು ಅದು ಸರಿ ಆಗ್ಲಿ.

ಎರೆ ನೆಲದ ಮೇಲಿನ ಮನೆ ಆದ್ರೆ ಇಲ್ಲಿ ಒಂದು ನಿಮಿಷ ನಿಲ್ರಿ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡೋದು ಹೊಲದಲ್ಲಿ ನೋಡೇ ಇರ್ತೀರಿ, ಪಾಯದ ಕೆಳಗೂ ಅದೇ ನಡೀತಿರುತ್ತೆ. ಚೌಕಟ್ಟಿನ ಮೇಲಿನ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗಿರೋ ಬಿರುಕು ಗೋಡೆಯಲ್ಲಿ ಇದೆಯಾ ನೋಡ್ರಿ. ಇದ್ದು, ಅದು ಬೇಸಿಗೆಗೊಂದು ಥರ ಮಳೆಗಾಲಕ್ಕೊಂದು ಥರ ಕಾಣ್ತಿದ್ರೆ ಚೌಕಟ್ಟೇ ವರ್ಷಕ್ಕೊಮ್ಮೆ ಅಲುಗಾಡ್ತಿದೆ. ಅಂಥ ಮನೆಗೆ 3 ಮಿಲಿಮೀಟರ್ ಸಂದು ಸಾಲಲ್ಲ, 5 ಬಿಟ್ಟು ದಪ್ಪ ಗ್ಯಾಸ್ಕೆಟ್, ಅಂದ್ರೆ ಸಂದು ಮುಚ್ಚೋ ರಬ್ಬರ್ ಪಟ್ಟಿ, ಹಾಕಬೇಕು, ಇಲ್ಲಾಂದ್ರೆ ಫೈಬರ್ ಕದ ಹಾಕಿದ್ರೂ ಆಗಸ್ಟ್‌ನಲ್ಲಿ ಹಿಡ್ಕೊಳ್ಳುತ್ತೆ, ಆಗ ಕದ ಉಬ್ತು ಅಂತ ಅಂಗಡಿಯವನನ್ನ ಬೈದು ಪ್ರಯೋಜನ ಇಲ್ಲ.

ಕದದ ದಪ್ಪಕ್ಕೂ ಚೌಕಟ್ಟಿನ ಮೆಟ್ಟಿಲಿಗೂ, ಅಂದ್ರೆ ಕದ ಬಂದು ಕೂರೋ ಆ ಕಚ್ಚಿಗೂ ಹೊಂದಬೇಕು. ಹಳೇ ಮರದ ಕದ 38-40 ಇದ್ದು, ಕಚ್ಚೂ ಅಷ್ಟೇ ಇರುತ್ತೆ. ಅಲ್ಲಿಗೆ 30ರ ಫೈಬರ್ ಕದ ತಂದ್ರೆ ಹಿಂದೆ ಒಂದು ಸೆಂಟಿಮೀಟರ್ ಖಾಲಿ ಉಳಿಯುತ್ತೆ, ಅದಕ್ಕೆ ಮರದ ಪಟ್ಟಿ ಹೊಡೆದು ಗ್ಯಾಸ್ಕೆಟ್ ಹಚ್ಚಬೇಕಾಗುತ್ತೆ. ನಿಜ ಹೇಳಬೇಕಂದ್ರೆ 35ರ ಕದ, ಉಳಿದ 3-5 ಮಿಲಿಮೀಟರ್‌ನಲ್ಲಿ ಗ್ಯಾಸ್ಕೆಟ್, ಇದು ಎಲ್ಲಕ್ಕಿಂತ ಚೆನ್ನಾಗಿ ಕೂರುತ್ತೆ.

ಆರ್ಡರ್ ಕೊಡುವಾಗ ಹಿಂಜು, ಬೀಗ, ಮೇಲೆ ಕೆಳಗೆ ಟವರ್ ಬೋಲ್ಟ್ (ಸರಳು ಜಾರಿಸಿ ಹಾಕೋ ಚಿಲಕ), ನೋಡೋ ಕಿಂಡಿ, ಹಿಡಿಕೆ ಇದೆಲ್ಲಾ ಎಲ್ಲಿ ಬರುತ್ತೆ ಅಂತ ತಳದಿಂದ ಅಳೆದು ಒಂದು ಹಾಳೆ ಮೇಲೆ ಚಿತ್ರ ಬರೆದು ಕೊಡ್ರಿ, ಅಲ್ಲೆಲ್ಲಾ ಮರದ ತುಂಡು ಇಡ್ಸಿ. ಹಳೇ ಹಿಂಜಿನ ಜಾಗಕ್ಕೇ ಸರಿಯಾಗಿ ತುಂಡು ಬಂದ್ರೆ ಚೌಕಟ್ಟಲ್ಲಿ ಹೊಸದಾಗಿ ಕಚ್ಚು ಕೊರೆಯೋ ಕೆಲಸ ತಪ್ಪುತ್ತೆ. ಫೋಮ್‌ಗೆ ಹೊಡೆದ ಸ್ಕ್ರೂ ಅವತ್ತು ಬಿಗಿ ಅನ್ನಿಸುತ್ತೆ, ಒಂದು ತಿಂಗಳು ತೆಗೆದು ಹಾಕಿದ್ರೆ ಸಡಿಲ.

ಈಗ ಬಣ್ಣ. ಎಲ್ಲರಿಗೂ ಕಡು ವಾಲ್‌ನಟ್, ಚಾಕೊಲೇಟ್ ಬಣ್ಣವೇ ಬೇಕು, ನೋಡೋಕೆ ಮರದ ಥರ ಕಾಣುತ್ತೆ ಅಂತ. ಪೂರ್ವ, ಉತ್ತರ ಬಾಗಿಲಿಗೆ ನಡೆಯುತ್ತೆ. ಪಶ್ಚಿಮದ ಬಾಗಿಲಿಗೆ ದಯವಿಟ್ಟು ಬೇಡ. ಮೇ ತಿಂಗಳ ಮೂರು ಗಂಟೆ ಬಿಸಿಲಿಗೆ ಕಡು ಬಣ್ಣದ ಹೊರಮೈ ಕೈ ಇಡೋಕಾಗದಷ್ಟು ಕಾಯುತ್ತೆ, ಒಳಮೈ ಮಾತ್ರ ಕೂಲರ್ ಗಾಳಿಗೆ ತಣ್ಣಗಿರುತ್ತೆ, ನಡುವೆ ಫೋಮ್ ಇರೋದ್ರಿಂದ ಈ ಕಡೆ ಬಿಸಿ ಆ ಕಡೆ ಹೋಗಲ್ಲ. ಅದು ಒಳ್ಳೇದೇ, ಮನೆ ತಂಪಿರುತ್ತೆ. ಆದ್ರೆ ಬಿಸಿಯಾದ ಹೊರ ಹಾಳೆ ಹಿಗ್ಗುತ್ತೆ, ತಣ್ಣಗಿರೋ ಒಳ ಹಾಳೆ ಹಿಗ್ಗಲ್ಲ, ಆಗ ಕದ ಹೊರಗಡೆಗೆ ಹೊಟ್ಟೆ ಬಿಟ್ಟಂಗೆ ಬಾಗುತ್ತೆ. ನಮ್ಮ ಮುಂಬಾಗಿಲುಗಳು ಒಳಗಡೆಗೆ ತೆರೆಯೋದು, ನಡುವೆ ಬೀಗ ಹಿಡಿದಿರುತ್ತೆ, ಹಾಗಾಗಿ ನಡುಭಾಗ ಚೌಕಟ್ಟಿಗೆ ಅಂಟಿಕೊಂಡೇ ಇರುತ್ತೆ, ಬೀಗದ ಕಡೆಯ ಮೇಲಿನ ಮೂಲೆ, ಕೆಳಗಿನ ಮೂಲೆ ಎರಡೂ ಒಳಕ್ಕೆ ಸರಿದು ಸಂದು ಬಿಡುತ್ತವೆ. ಸಂಜೆ ಐದಕ್ಕೆ, ಸರಿಯಾಗಿ ಗಾಳಿ ಏಳೋ ಹೊತ್ತಿಗೆ. ರಾತ್ರಿ ತಣ್ಣಗಾದ ಮೇಲೆ ಕದ ಮತ್ತೆ ನೆಟ್ಟಗೆ, ಬಡಗಿ ಬೆಳಿಗ್ಗೆ ಬಂದು ನೋಡಿದ್ರೆ ಏನೂ ಕಾಣಲ್ಲ, ‘ಎಲ್ಲಾ ಸರಿ ಐತಲ್ಲ ಸಾರ್’ ಅಂತಾನೆ.

ಇದಕ್ಕೆ ಮೂರು ಉಪಾಯ, ಮೂರೂ ಮಾಡಿದ್ರೆ ಒಳ್ಳೇದು. ತಿಳಿ ಬಣ್ಣ ಆರಿಸ್ರಿ, ಕೆನೆ ಬಣ್ಣ ಇಲ್ಲಾ ತಿಳಿ ತೇಗದ ಬಣ್ಣ. ಬೀಗ ನಡುವೆ ಒಂದೇ ಕಡೆ ಹಿಡಿಯೋ ಬದಲು ಮೇಲೆ, ನಡುವೆ, ಕೆಳಗೆ ಮೂರು ಕಡೆ ಹಿಡಿಯೋ ಮಲ್ಟಿಪಾಯಿಂಟ್ ಬೀಗ ಹಾಕ್ರಿ, ಬಜೆಟ್ ಇಲ್ಲಾಂದ್ರೆ ಒಳಗಿಂದ ಮೇಲೂ ಕೆಳಗೂ ಟವರ್ ಬೋಲ್ಟ್, ಬಿಸಿಲು ಹೊತ್ತಲ್ಲಿ ಎರಡನ್ನೂ ಹಾಕಿಡೋದು. ಮೂರನೇದು ನೆರಳು. ಬಾಗಿಲ ಮೇಲೆ ಎರಡಡಿ ಸಜ್ಜೆ ಇದೆ ಸಾಕು ಅನ್ಕೋಬೇಡ್ರಿ, ಸಜ್ಜೆ ತಡೆಯೋದು ನೆತ್ತಿ ಬಿಸಿಲನ್ನ, ಪಶ್ಚಿಮದ ಬಿಸಿಲು ಅಡ್ಡ ಬರುತ್ತೆ. ಅದಕ್ಕೆ ಮುಂದೆ ಬಿದಿರಿನ ಪರದೆ ಇಳಿಬಿಡಬೇಕು ಇಲ್ಲಾ ಹೊಂಗೆ ಗಿಡ ಹಾಕಬೇಕು. ಹೊರಗೆ ಕಬ್ಬಿಣದ ಜಾಲರಿ ಬಾಗಿಲು ಇದ್ರೆ ಇರಲಿ, ಗಾಳಿ ಆಡುತ್ತೆ. ಅದಕ್ಕೆ ಧೂಳು ತಡೆಯೋಕೆ ಅಂತ ಗಾಜು, ಪ್ಲಾಸ್ಟಿಕ್ ಶೀಟು ಹಚ್ಚಿ ಮುಚ್ಚಿಬಿಟ್ರೆ ಮಾತ್ರ ಎರಡು ಬಾಗಿಲ ನಡುವೆ ಬಿಸಿ ಸಿಕ್ಕಿಕೊಂಡು ಫೈಬರ್ ಕದ ಇನ್ನೂ ಜಾಸ್ತಿ ಕಾಯುತ್ತೆ.

ಕದ ಮನೆಗೆ ಬಂದ ಮೇಲೆ ಗೋಡೆಗೆ ಒರಗಿಸಿ ಅಂಗಳದಲ್ಲಿ ಇಡಬೇಡ್ರಿ. ಒಳಗೆ ನೆಲದ ಮೇಲೆ ಮೂರು ರೀಪರ್ (ಮರದ ಪಟ್ಟಿ) ಇಟ್ಟು ಅದರ ಮೇಲೆ ಮಲಗಿಸಿ, ಒಂದು ರಾತ್ರಿ ಹಾಗೇ ಇರಲಿ. ಕೆಲಸ ಬೆಳಿಗ್ಗೆ ಆರಕ್ಕೇ ಶುರು ಮಾಡಿ ಹತ್ತರೊಳಗೆ ಕದ ನೇತು ಹಾಕಿ ಮುಗಿಸ್ರಿ, ಮಧ್ಯಾಹ್ನದ ಬಿಸಿಲಲ್ಲಿ ಬಾಗಿರೋ ಕದಕ್ಕೆ ಸಂದು ಹೊಂದಿಸಿದ್ರೆ ರಾತ್ರಿಗೆ ಆ ಲೆಕ್ಕ ಎಲ್ಲಾ ಉಲ್ಟಾ.

ಹಳೇ ಕದ ತೆಗೆಯೋಕೆ ಇಬ್ಬರು ಬೇಕು, ತೇಗದ ಕದ ಭಾರ ಇರುತ್ತೆ. ತೆಗೆದ ಮೇಲೆ ಚೌಕಟ್ಟಿನ ಹಳೇ ಸ್ಕ್ರೂ ತೂತಿಗೆಲ್ಲಾ ಮರದ ಗೂಟ ಅಂಟು ಹಚ್ಚಿ ಹೊಡೆದು ಸಮ ಮಾಡ್ರಿ. ಕಚ್ಚಿನ ಉದ್ದಕ್ಕೂ ಹಳೇ ಪೇಂಟು, ಮೆತ್ತಿರೋ ಧೂಳು ಉಜ್ಜಿ ತೆಗೆದು, ಆಮೇಲೆ ಥಿನ್ನರ್ ಬಟ್ಟೆಯಲ್ಲಿ ಒರೆಸ್ರಿ. ಇದು ಬೇಜಾರಿನ ಕೆಲಸ, ಎಲ್ಲಾ ಬಡಗಿಗಳೂ ಹಾರಿಸೋ ಕೆಲಸ, ಆದ್ರೆ ಧೂಳಿನ ಮೇಲೆ ಅಂಟಿಸಿದ ಗ್ಯಾಸ್ಕೆಟ್ ಧೂಳಿಗೆ ಅಂಟುತ್ತೆ ಹೊರತು ಮರಕ್ಕಲ್ಲ, ಬಿಸಿಲಿಗೆ ಹಾವಿನ ಪೊರೆ ಥರ ಕಳಚಿ ನೇತಾಡುತ್ತೆ.

ಹಿಂಜು ಸ್ಟೇನ್‌ಲೆಸ್ ಸ್ಟೀಲ್ 304, 5 ಇಂಚಿನದ್ದು, ಬಾಲ್ ಬೇರಿಂಗ್ ಇರೋದು ನಾಲ್ಕು. ಕದ ಹಗುರ, ಮೂರು ಸಾಲದಾ ಅಂತೀರಿ, ತೂಕಕ್ಕೆ ಸಾಲುತ್ತೆ, ಆದ್ರೆ ಹಿಂಜಿನ ಕಡೆ ಕದ ಬಾಗದಂಗೆ ಹಿಡಿಯೋದೂ ಅವೇ. ಮೇಲಿನದು ತಲೆಯಿಂದ ಸುಮಾರು 8 ಇಂಚು ಕೆಳಗೆ, ತಳದ್ದು 10 ಇಂಚು ಮೇಲೆ, ಉಳಿದೆರಡು ನಡುವೆ ಸಮವಾಗಿ. ಹಿಂಜಿನ ರೆಕ್ಕೆ ಕೂರೋಕೆ ಉಳಿ ಹೊಡೆಯೋದಾದ್ರೆ ಚೌಕಟ್ಟಿನ ಮರಕ್ಕೆ ಹೊಡೀರಿ, ಫೈಬರ್ ಕದಕ್ಕಲ್ಲ. ಫ್ಯಾಕ್ಟರಿಯಲ್ಲೇ ಕಚ್ಚು ಕೊಟ್ಟಿದ್ರೆ ಸರಿ, ಇಲ್ಲಾಂದ್ರೆ ಮರದ ಕಡೆನೇ ಎರಡು ರೆಕ್ಕೆ ದಪ್ಪ ಇಳಿಸಿಬಿಡೋದು. ಸ್ಕ್ರೂಗೆ ಮೊದಲು 3 ಮಿಲಿಮೀಟರ್ ಬಿಟ್‌ನಲ್ಲಿ ತೂತು, ಆಮೇಲೆ ಕೊನೇ ಎರಡು ಸುತ್ತು ಕೈಯಲ್ಲೇ ಬಿಗಿ ಮಾಡ್ರಿ. ಮಷೀನ್ ಇಟ್ಟು ಜೋರಾಗಿ ತಿರುಗಿಸಿದ್ರೆ ಒಳಗಿನ ಮರದ ತುಂಡಲ್ಲಿ ತೂತು ಸವೆದು ಸ್ಕ್ರೂ ಸುಮ್ಮನೆ ತಿರುಗ್ತಿರುತ್ತೆ.

ಬೀಗಕ್ಕೆ, ಕಿಂಡಿಗೆ ತೂತು ಹಾಕುವಾಗ ಜಾಗದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಹೋಲ್‌ಸಾನಲ್ಲಿ (ದೊಡ್ಡ ದುಂಡು ತೂತು ಕೊರೆಯೋ ಗರಗಸದ ಬಿಟ್) ಎರಡೂ ಕಡೆಯಿಂದ ಅರ್ಧರ್ಧ ಕೊರೀರಿ, ಒಂದೇ ಕಡೆಯಿಂದ ತಳ್ಳಿದ್ರೆ ಆ ಕಡೆ ಜೆಲ್‌ಕೋಟ್ ಚಕ್ಕೆ ಎದ್ದು ಹೋಗುತ್ತೆ. ಬರೋ ಪುಡಿ ಗಾಜಿನ ನಾರು, ಮೈಗೆ ಬಿದ್ರೆ ತುರಿಕೆ, ಕಣ್ಣಿಗೆ ಮೂಗಿಗೆ ಹೋಗಲೇಬಾರದು. ಮಾಸ್ಕ್, ಕನ್ನಡಕ, ತುಂಬು ತೋಳಿನ ಅಂಗಿ ಇಲ್ಲದೆ ಯಾರನ್ನೂ ಕೆಲಸಕ್ಕೆ ಬಿಡಬೇಡ್ರಿ, ಮಕ್ಕಳನ್ನ ಆ ಕಡೆ ಕಳಿಸಿ. ಕೊರೆದ ತೂತಿನ ಒಳ ಅಂಚಿಗೆ ಎಪಾಕ್ಸಿ ಅಂಟು ಸವರಿ ಮುಚ್ಚಿ, ಆಮೇಲೆ ಬೀಗ ಹಾಕೋದು.

ಕದ ನಿಲ್ಲಿಸುವಾಗ ತಳಕ್ಕೆ 6 ಮಿಲಿಮೀಟರ್ ಬೆಣೆ ಎರಡು ಕೊಟ್ಟು ಅದರ ಮೇಲೆ ಕೂರಿಸಿ, ಸುತ್ತ ಸಂದು ಸಮ ಇದೆಯಾ ನೋಡ್ರಿ. ಒಂದು ರೂಪಾಯಿ ನಾಣ್ಯ ಎರಡು ಜೋಡಿಸಿ ಹಿಡಿದ್ರೆ ಹೆಚ್ಚುಕಮ್ಮಿ 3 ಮಿಲಿಮೀಟರ್, ಅದನ್ನ ಸಂದಲ್ಲಿ ಮೇಲಿಂದ ಕೆಳಗೆ ಎಳೆದ್ರೆ ಎಲ್ಲಿ ಬಿಗಿ ಎಲ್ಲಿ ಸಡಿಲ ಗೊತ್ತಾಗುತ್ತೆ. ಮೊದಲು ಒಂದೊಂದು ಹಿಂಜಿಗೆ ಒಂದೊಂದೇ ಸ್ಕ್ರೂ ಹಾಕಿ ತೆಗೆದು ಮುಚ್ಚಿ ನೋಡಿ. ಕದ ಅರ್ಧ ತೆಗೆದು ಬಿಟ್ರೆ ಅಲ್ಲೇ ನಿಲ್ಲಬೇಕು, ತಾನಾಗೇ ಮುಚ್ಚಿಕೊಂಡ್ರೆ ಇಲ್ಲಾ ತೆರೆದುಕೊಂಡ್ರೆ ಹಿಂಜುಗಳು ಒಂದೇ ತೂಗುಗುಂಡಿನ ಗೆರೆಯಲ್ಲಿಲ್ಲ.

ಹೊಸ ಮನೆ, ಚೌಕಟ್ಟೂ ಹೊಸದು ಅನ್ನೋರಿಗೆ ಸ್ವಲ್ಪ. ಅಂಗಡಿಯಲ್ಲಿ ಸಿಗೋ ಎಫ್‌ಆರ್‌ಪಿ ಚೌಕಟ್ಟು ಸಾಮಾನ್ಯವಾಗಿ 90ಕ್ಕೆ 45 ಮಿಲಿಮೀಟರ್, 30ರ ಕದಕ್ಕೆ ಲೆಕ್ಕ ಹಾಕಿದ್ದು, ಮುಂಬಾಗಿಲಿಗೆ ನನಗೇನೋ ಅದು ಸಣ್ಣದು ಅನ್ಸುತ್ತೆ, ಮರದ್ದೋ ಕಬ್ಬಿಣದ್ದೋ ಹಾಕಿ ಕದ ಮಾತ್ರ ಫೈಬರ್ ಇರಲಿ. ಎಫ್‌ಆರ್‌ಪಿಯೇ ಬೇಕು ಅಂದ್ರೆ ರಸಮಟ್ಟ, ತೂಗುಗುಂಡು ಇಟ್ಟು ನಿಲ್ಲಿಸಿ, ಒಂದೊಂದು ಕಡೆ ಮೂರು ಹೋಲ್ಡ್‌ಫಾಸ್ಟ್ (ಚೌಕಟ್ಟನ್ನ ಗೋಡೆಗೆ ಹಿಡಿಸೋ ಕಬ್ಬಿಣದ ಪಟ್ಟಿ) ಹಾಕಿ ಕಾಂಕ್ರೀಟ್‌ನಲ್ಲಿ ಕೂರಿಸಿ. ಹಳೇ ಕಾಲದ ಕಲ್ಲು ಮಣ್ಣಿನ ಗೋಡೆಗೆ ಡ್ರಿಲ್ ಹಾಕಿ ಪ್ಲಗ್ ಹೊಡೆಯೋದು ಬೇಡವೇ ಬೇಡ, ಮಣ್ಣಲ್ಲಿ ಅದು ಹಿಡಿಯಲ್ಲ. ಬರೀ ಡಬ್ಬಿಯ ಪಿಯು ಫೋಮ್ ಹೊಡೆದು ಚೌಕಟ್ಟು ನಿಲ್ಲಿಸೋರೂ ಇದಾರೆ, ಫೋಮ್ ಇರೋದು ಸಂದು ತುಂಬೋಕೆ, ಭಾರ ಹೊರೋಕಲ್ಲ. ಹೊಡೆಯೋ ಮುಂಚೆ ಎರಡು ಕಾಲಿನ ನಡುವೆ ಮೂರು ಕಡೆ ಅಡ್ಡ ರೀಪರ್ ಬಿಗಿಯಾಗಿ ಕೊಡ್ರಿ, ಇಲ್ಲಾಂದ್ರೆ ಉಬ್ಬೋ ಫೋಮ್ ಚೌಕಟ್ಟಿನ ಕಾಲನ್ನ ಒಳಕ್ಕೆ ದೂಡುತ್ತೆ. ಪಿಯು ಫೋಮ್ ಗಟ್ಟಿ ಆಗೋದೇ ತೇವದಿಂದ, ನಮ್ಮ ಒಣ ಗಾಳಿಯಲ್ಲಿ ಗೋಡೆಗೆ ಮೊದಲು ನೀರು ಚಿಮುಕಿಸದಿದ್ರೆ ಹೊರಗೆ ಗಟ್ಟಿ, ಒಳಗೆ ಮೆತ್ತಗೆ ಉಳಿಯುತ್ತೆ. ಡಬ್ಬಿಯನ್ನ ಬಿಸಿಲಲ್ಲಿ, ಕಾರಲ್ಲಿ ಬಿಡಬೇಡ್ರಿ, ಒತ್ತಡದ ಡಬ್ಬಿ ಅದು, 50 ಡಿಗ್ರಿ ದಾಟಬಾರದು ಅಂತ ಅದರ ಮೇಲೇ ಬರೆದಿರುತ್ತೆ. ಗಾರೆ ಮಾಡುವಾಗ ಚೌಕಟ್ಟಿಗೂ ಗಾರೆಗೂ ನಡುವೆ 5-6 ಮಿಲಿಮೀಟರ್ ಗ್ರೂವ್ ಬಿಡ್ಸಿ ಅದಕ್ಕೆ ಸಿಲಿಕಾನ್ ತುಂಬಿಸಿ. ವಿನೆಗರ್ ವಾಸನೆ ಬರೋ ಅಗ್ಗದ ಸಿಲಿಕಾನ್ ಬೇಡ, ಸಿಮೆಂಟಿಗೆ ಸರಿಯಾಗಿ ಹಿಡಿಯಲ್ಲ, ಕಬ್ಬಿಣಕ್ಕೆ ತುಕ್ಕು ಬರಿಸುತ್ತೆ, ನ್ಯೂಟ್ರಲ್ ಅಂತ ಬರೆದಿರೋದು ಕೇಳ್ರಿ.

ಈಗ ಬಂದ್ವಿ ಅಸಲಿ ಕೆಲಸಕ್ಕೆ, ಗ್ಯಾಸ್ಕೆಟ್. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗೋ ಸ್ಪಂಜಿನ ಟೇಪು ಒಂದು ಬೇಸಿಗೆಗೆ ಪುಡಿ ಪುಡಿ. ಪಿವಿಸಿ ಪಟ್ಟಿ ಬಿಸಿಲಿಗೆ ಗಡಸಾಗುತ್ತೆ. ಇಪಿಡಿಎಂ ರಬ್ಬರಿನದ್ದು, ಒಳಗೆ ಟೊಳ್ಳು ಇರೋ ಗುಂಡನೆ ಆಕಾರದ್ದು ತಗೊಳ್ರಿ, ಕದ ಒತ್ತಿದಾಗ ಅರ್ಧದಷ್ಟು ಅಮುಕಿ ಕದ ಸ್ವಲ್ಪ ಸರಿದಾಗ ತಾನೂ ಉಬ್ಬಿ ಹಿಂಬಾಲಿಸಬೇಕು. ಮೇಲೆ ಹೇಳಿದ ಆ ಮೂಲೆ ಸರಿಯೋ ಆಟ ಇದೆಯಲ್ಲ, ಅದಕ್ಕೆ ಮದ್ದು ಇದೇ. ಅಂಟಿಸುವಾಗ ಎಳೀಬೇಡ್ರಿ. ಎಳೆದು ಅಂಟಿಸಿದ ರಬ್ಬರ್ ಕೆಲವು ದಿನಕ್ಕೆ ತನ್ನ ಉದ್ದಕ್ಕೆ ವಾಪಸ್ ಕುಗ್ಗಿ ಮೂಲೆಯಲ್ಲಿ ಬೆರಳ ತುದಿಯಷ್ಟು ಜಾಗ ಖಾಲಿ ಬಿಡುತ್ತೆ, ಹೆಚ್ಚು ಧೂಳು ಬರೋದು ಅಲ್ಲಿಂದಲೇ, ಗೋಡೆ ಮೇಲೆ ಆ ಮೂಲೆಯಿಂದ ಒಂದು ಕೆಂಪು ಗೆರೆ ಎಳೆದಂಗೆ ಕಾಣುತ್ತೆ. ಬೇಕಾದ್ದಕ್ಕಿಂತ 3-4 ಮಿಲಿಮೀಟರ್ ಉದ್ದ ಕತ್ತರಿಸಿ ಒತ್ತಿ ಒತ್ತಿ ಕೂರಿಸ್ರಿ, ಮೂಲೆಯಲ್ಲಿ ಎರಡೂ ತುದಿಯನ್ನ ಓರೆಯಾಗಿ ಕೊಯ್ದು ಕೂಡಿಸಿ ಒಂದು ಹನಿ ರಬ್ಬರ್ ಅಂಟು.

ತಳಕ್ಕೆ ರಬ್ಬರಿಗಿಂತ ಬ್ರಷ್ ಪಟ್ಟಿ ಒಳ್ಳೇದು. ದಿನಾ ಹೊಸ್ತಿಲು ತೊಳೆಯೋ ಮನೆ, ರಂಗೋಲಿ ಪುಡಿ, ಮಣ್ಣು ಇರುತ್ತೆ, ರಬ್ಬರ್ ಅದನ್ನೆಲ್ಲಾ ಕಲ್ಲಿನ ಮೇಲೆ ಗೀರಿ ಸವೆಯುತ್ತೆ. ಖರ್ಚು ಮಾಡೋ ಮನಸ್ಸಿದ್ರೆ ಕದ ಮುಚ್ಚಿದಾಗ ತಾನೇ ಕೆಳಗಿಳಿಯೋ ಡ್ರಾಪ್ ಸೀಲ್ ಬರುತ್ತೆ, ಆದ್ರೆ ಕದದ ತಳದಲ್ಲಿ ಮರದ ತುಂಡು ಇಲ್ಲದೆ ಅದನ್ನ ಹಾಕೋಕಾಗಲ್ಲ, ಆರ್ಡರ್ ಸಮಯದಲ್ಲೇ ಹೇಳಬೇಕು. ಹೊಸ್ತಿಲು ಶಹಾಬಾದ್ ಕಲ್ಲೋ ಗ್ರಾನೈಟೋ ಆದ್ರೆ ಕಲ್ಲಿನ ಕೆಳಗಿನ ಸಂದೂ ಬಗ್ಗಿ ನೋಡ್ರಿ, ಎಷ್ಟೋ ಮನೆಯಲ್ಲಿ ಬಾಗಿಲು ಬಿಗಿ ಮಾಡಿ ಹೊಸ್ತಿಲ ಕೆಳಗೆ ಇರುವೆ ಸಾಲು ಹೋಗೋಷ್ಟು ತೂತು ಹಾಗೇ ಬಿಟ್ಟಿರ್ತಾರೆ.

ಮುಗಿದ ಮೇಲೆ ಪರೀಕ್ಷೆ ಮಾಡಬೇಕು, ಅದೂ ಸಂಜೆ ಬಿಸಿಲು ಬಿದ್ದಿರುವಾಗಲೇ. ಕದ ಮುಚ್ಚಿ ಊದುಬತ್ತಿ ಹಚ್ಚಿಕೊಂಡು ಒಳಗಿಂದ ಸಂದಿನ ಉದ್ದಕ್ಕೂ ನಿಧಾನ ಹಿಡ್ಕೊಂಡು ಬರ್ರಿ, ಉರಿ ತುದಿ ಗ್ಯಾಸ್ಕೆಟ್‌ಗೆ ತಾಗಬಾರದು, ಸ್ವಲ್ಪ ದೂರ ಇರಲಿ. ಹೊಗೆ ನೆಟ್ಟಗೆ ಮೇಲೆ ಹೋದ್ರೆ ಸರಿ, ಎಲ್ಲಿ ಬಾಗ್ತೋ ಅಲ್ಲಿ ಪೆನ್ಸಿಲ್ ಗುರುತು. ರಾತ್ರಿ ಲೈಟ್ ಆರಿಸಿ ಹೊರಗಿಂದ ಒಬ್ಬರು ಟಾರ್ಚ್ ಹಿಡಿದ್ರೆ ಉಳಿದಿದ್ದೂ ಕಾಣುತ್ತೆ. ಎರಡೂ ಮಾಡ್ರಿ, ಸಂಜೆ ಬಾಗೋ ಮೂಲೆ ರಾತ್ರಿ ಟಾರ್ಚಿಗೆ ಸಿಗಲ್ಲ.

ಇಷ್ಟೆಲ್ಲಾ ಮಾಡಿಯೂ ಧೂಳು ಬರ್ತಿದೆ ಅಂದ್ರೆ ಅಡುಗೆಮನೆ ಎಕ್ಸಾಸ್ಟ್ ಫ್ಯಾನ್ ನೋಡ್ರಿ. ಅದು ಒಳಗಿನ ಗಾಳಿ ಹೊರಗೆ ತಳ್ಳಿದಷ್ಟೂ ಹೊರಗಿನದ್ದು ಎಲ್ಲಿ ಸಂದು ಸಿಕ್ರೆ ಅಲ್ಲಿಂದ ಒಳಗೆ ಎಳ್ಕೊಳ್ಳುತ್ತೆ, ಗಾಳಿ ಎದ್ದಾಗ ಅದನ್ನ ಆಫ್ ಮಾಡಿಬಿಡಿ. ಕೂಲರ್‌ದು ಇದಕ್ಕೆ ಉಲ್ಟಾ, ಕಿಟಕಿ ಹೊರಗೆ ಕೂತಿರೋ ಕೂಲರ್ ಮನೆಯೊಳಗೆ ಗಾಳಿ ತುಂಬುತ್ತೆ, ಆ ಒತ್ತಡಕ್ಕೆ ಸಂದಿನಲ್ಲಿ ಗಾಳಿ ಹೊರಗೆ ಹೋಗುತ್ತೆ ಹೊರತು ಧೂಳು ಒಳಗೆ ಬರಲ್ಲ. ಆದ್ರೆ ಮುಂಬಾಗಿಲು ಬಿಗಿ ಆದ ಮೇಲೆ ಕೂಲರ್ ಗಾಳಿಗೆ ಹೊರಗೆ ಹೋಗೋ ದಾರಿ ಬೇಕು, ಹಿಂದಿನ ಕಿಟಕಿ ಒಂದು ನಾಲ್ಕು ಬೆರಳು ತೆಗೆದಿಡ್ರಿ, ಇಲ್ಲಾಂದ್ರೆ ಮನೆಯೊಳಗೆ ಬರೀ ಕಸಕಸ ಸೆಕೆ. ರೂಮೊಳಗೇ ಇಟ್ಟ ಕೂಲರ್‌ಗೆ ಈ ಲೆಕ್ಕ ಇಲ್ಲ.

ಬೀಗ, ಹಿಂಜಿಗೆ ಎಣ್ಣೆ ಬಿಡೋ ಚಟ ಬಿಟ್ಟುಬಿಡ್ರಿ. ಕೊಬ್ಬರಿ ಎಣ್ಣೆ, ಮಷೀನ್ ಎಣ್ಣೆ ಯಾವುದಾದ್ರೂ ಸರಿ, ಧೂಳಿನ ಊರಲ್ಲಿ ಎಣ್ಣೆ ಧೂಳು ಸೇರಿ ಅರೆಯೋ ಪೇಸ್ಟ್ ಆಗುತ್ತೆ. ಬೀಗದ ಕಣ್ಣಿಗೆ ಗ್ರಾಫೈಟ್ ಪುಡಿ, ಸಿಗದಿದ್ರೆ ಪೆನ್ಸಿಲ್ ಸೀಸ ಕೆರೆದು ಕೀಗೆ ಸವರಿ ಹಾಕ್ರಿ, ಕೀ ತೂತಿಗೆ ಮುಚ್ಚಳ ಇರೋ ಪ್ಲೇಟ್ ಇರಲಿ.

ಹಬ್ಬ ಹರಿದಿನದ ಮಾತು. ತೋರಣಕ್ಕೆ ಮೊಳೆ ಹೊಡೆಯೋದು ಚೌಕಟ್ಟಿನ ಮರಕ್ಕೆ ಮಾತ್ರ. ದೀಪಾವಳಿ, ಕಾರ್ತಿಕದಲ್ಲಿ ಹೊಸ್ತಿಲ ಮೇಲೆ ದೀಪ ಇಟ್ಟಾಗ ಕದ ಪೂರ್ತಿ ತೆಗೆದಿಟ್ಟಿರ್ರಿ ಇಲ್ಲಾ ದೀಪವನ್ನ ಒಂದಡಿ ಈಚೆ ಇಡ್ರಿ. ಬೆಂಕಿ ಬೇಗ ಹಿಡಿಯದ ಗ್ರೇಡ್ ಅಂದ್ರೂ ಅದು ರೆಸಿನ್ನೇ, ದೀಪದ ಕುಡಿ ತಾಗಿದ ಜಾಗ ಹಳದಿ ಆಗಿ ಗುಳ್ಳೆ ಏಳುತ್ತೆ, ಆಮೇಲೆ ಹೋಗಲ್ಲ. ಕದ ಹಗುರ ಆದ್ದರಿಂದ ಗಾಳಿಗೆ ಧಡ್ ಅಂತ ಹೊಡ್ಕೊಳ್ಳುತ್ತೆ, ನೆಲಕ್ಕೆ ಮ್ಯಾಗ್ನೆಟ್ ಸ್ಟಾಪರ್ ಒಂದು ಹಾಕ್ರಿ.

ಒರೆಸೋದು ಒದ್ದೆ ಬಟ್ಟೆಯಲ್ಲಿ, ಅದಕ್ಕೂ ಮುಂಚೆ ಒಂದು ಮಗ್ ನೀರು ಸುರಿದು ಧೂಳು ಇಳಿಸಿ. ಒಣ ಬಟ್ಟೆಯಲ್ಲಿ ಉಜ್ಜಿದ್ರೆ ಅದಿರಿನ ಧೂಳು ಮರಳು ಕಾಗದದ ಕೆಲಸ ಮಾಡುತ್ತೆ, ಹೊಳಪೆಲ್ಲಾ ಹೋಗುತ್ತೆ. ಬೇಸಿಗೆ ಶುರು ಆಗೋ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಕಾರಿಗೆ ಹಾಕೋ ವ್ಯಾಕ್ಸ್ ತೆಳ್ಳಗೆ ಹಚ್ಚಿ ಉಜ್ರಿ. ಬಣ್ಣ ಪುಡಿ ಬಿಡೋಕೆ ಶುರು ಆದ್ರೆ ಸಣ್ಣ ಎಮರಿ ಹಾಳೆಯಲ್ಲಿ ಉಜ್ಜಿ ಹೊರಗಡೆಯ ಪಿಯು ಪೇಂಟ್ ಹೊಡೆಸಬಹುದು, ಕದ ಬದಲಿಸೋ ಅಗತ್ಯ ಇಲ್ಲ. ಗ್ಯಾಸ್ಕೆಟ್ ಮಾತ್ರ ಬೆರಳಲ್ಲಿ ಒತ್ತಿದಾಗ ವಾಪಸ್ ಏಳದಿದ್ರೆ ಮುಗೀತು ಅಂತ, ಹೊಸದು ಹಾಕ್ರಿ. ಅಂಗಡಿಗೆ ಹೋಗುವಾಗ ಹಳೇದರಲ್ಲಿ ಎರಡಿಂಚು ಕೊಯ್ದು ಜೇಬಲ್ಲಿ ತಗೊಂಡು ಹೋಗಿ, ಹಿಂಜಿನ ಹತ್ತಿರ ಬಿಸಿಲು ಬೀಳದ ಕಡೆಯ ತುಂಡೇ ಆಗಬೇಕು, ಬಿಸಿಲಿಗೆ ಚಪ್ಪಟೆ ಆದ ತುಂಡು ತೋರಿಸಿದ್ರೆ ಅವನು ಅದೇ ದಪ್ಪದ್ದು ಕೊಟ್ಟು ಕಳಿಸ್ತಾನೆ.